ಕೋಡ್ ಸರಿಯಿದ್ದರೂ ಸಂದರ್ಶನದಲ್ಲಿ ಕೈಬಿಟ್ಟರು, ಏಕೆ?

ಪ್ರಶ್ನೆ: ನಾನು ಮಂಡ್ಯದವನು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ನಂತರ ಊರಿನಲ್ಲೇ ಎಂಜಿನಿಯರಿಂಗ್. ನಾಲ್ಕು ವರ್ಷಗಳಿಂದ ಮೈಸೂರಿನ ಸಾಫ್ಟ್‌ವೇರ್ ಸೇವಾ ಕಂಪನಿಯೊಂದರಲ್ಲಿ ಜಾವಾ ಡೆವಲಪರ್ ಆಗಿದ್ದೇನೆ. ತಂದೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಾಗಿರುವುದರಿಂದ ಮನೆಯಲ್ಲೇ ಇದ್ದು ಮಾಡುವ ಕೆಲಸ ಹುಡುಕುತ್ತಿದ್ದೇನೆ. ಎಂಟು ತಿಂಗಳಲ್ಲಿ ಐದು ಸಂದರ್ಶನಗಳಾದವು. ಎರಡು ಕಡೆ ಕೋಡ್ ಸರಿಯಾಗಿ ಬರೆದೆ, ಟೆಸ್ಟ್‌ಗಳೆಲ್ಲ ಪಾಸಾದವು. ಐವತ್ತು ನಿಮಿಷ ತಲೆಯೆತ್ತದೆ, ಒಂದು ಮಾತೂ ಆಡದೆ ಮುಗಿಸಿದೆ. ಆದರೂ ಆಯ್ಕೆಯಾಗಲಿಲ್ಲ. ಇನ್ನೊಂದು ಕಡೆ ಮೂರು ದಿನ ಕುಳಿತು ಅಸೈನ್‌ಮೆಂಟ್ ಮಾಡಿ ಕಳುಹಿಸಿದೆ, ಇಂದಿಗೂ ಉತ್ತರವಿಲ್ಲ. ನನ್ನ ಇಂಗ್ಲಿಷ್ ಕಾರಣವೇ? ಬೆಂಗಳೂರಿಗೆ ಹೋಗಿ ನೆಲೆಸಿದರೆ ಅನುಕೂಲವಾಗುತ್ತದೆಯೇ? ಮುಂದಿನ ಗುರುವಾರ ಅಮೆರಿಕದ ಕಂಪನಿಯೊಂದರ ಸಂದರ್ಶನವಿದೆ. ರೆಸ್ಯೂಮೆ ಲಗತ್ತಿಸಿದ್ದೇನೆ.

ಉತ್ತರ: ‘ಒಂದು ಮಾತೂ ಆಡದೆ ಮುಗಿಸಿದೆ’ ಎಂಬ ನಿಮ್ಮ ಸಾಲನ್ನು ಎರಡು ಸಲ ಓದಿದೆ. ಅದನ್ನು ನೀವು ಏಕಾಗ್ರತೆಯ ಗುರುತೆಂದು ಬರೆದಿದ್ದೀರಿ. ಕೆಲಸ ಕೈತಪ್ಪಿದ್ದು ಅಲ್ಲಿಯೇ ಎಂದು ನನಗೆ ಬಲವಾಗಿ ಅನಿಸುತ್ತದೆ. ನಿಮ್ಮ ಇಂಗ್ಲಿಷಿಗೂ ಊರಿಗೂ ಇದರಲ್ಲಿ ಪಾಲಿರುವುದು ತೀರಾ ಕಡಿಮೆ.

ನಾನು ಮೈಸೂರಿನ ಮನೆಯಿಂದಲೇ ಹನ್ನೊಂದು ವರ್ಷಗಳಿಂದ ಹೊರದೇಶದ ತಂಡಗಳಿಗೆ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಕಳೆದ ಆರು ವರ್ಷ ಸಂದರ್ಶಕರ ಕುರ್ಚಿಯಲ್ಲೂ ಕುಳಿತಿದ್ದೇನೆ. ಅಲ್ಲಿಂದ ಕಂಡ ಒಂದು ಘಟನೆಯನ್ನು ಹೇಳಲೇಬೇಕು.

ಎರಡು ವರ್ಷದ ಹಿಂದೆ ಮದ್ದೂರಿನ ಕಡೆಯ ಯುವಕನೊಬ್ಬನ ಕೋಡಿಂಗ್ ಸುತ್ತು ನಡೆಸಿದೆವು. ನಾನು, ನನ್ನೊಂದಿಗೆ ಪೋಲೆಂಡಿನ ಸಹೋದ್ಯೋಗಿ. ಕೊಟ್ಟ ಸಮಸ್ಯೆ ಕಷ್ಟದ್ದಲ್ಲ. ಸಭಾ ಕೊಠಡಿಯೊಂದರ ಬುಕಿಂಗ್‌ಗಳ ಪಟ್ಟಿ ಇರುತ್ತದೆ, ಪ್ರತಿಯೊಂದಕ್ಕೂ ಆರಂಭದ ವೇಳೆ, ಮುಗಿಯುವ ವೇಳೆ. ಒಂದರ ಮೇಲೊಂದು ಬೀಳುವವನ್ನು ಸೇರಿಸಿ ಹೊಸ ಪಟ್ಟಿ ಕೊಡಬೇಕು. ಪ್ರಶ್ನೆ ಕೇಳಿದ ಮೇಲೆ ಆತ ಹನ್ನೊಂದು ನಿಮಿಷ ಸುಮ್ಮನಿದ್ದ. ಪರದೆಯ ಮೂಲೆಯಲ್ಲಿ ಅಂಗೈಯಷ್ಟು ಚೌಕದಲ್ಲಿ ಅವನ ಮುಖ, ಕೋಡ್ ಬರೆಯುವ ಖಾಲಿ ಎಡಿಟರ್‌ನಲ್ಲಿ ಮಿಟುಕುತ್ತಿರುವ ಕರ್ಸರ್. ನಮಗೆ ಕಂಡದ್ದು ಇಷ್ಟೇ. ಆಮೇಲೆ ಒಂದೇ ಓಟಕ್ಕೆ ಇಡೀ ಕೋಡ್ ಬರೆದ. ಆರಂಭದ ವೇಳೆಯ ಪ್ರಕಾರ ಜೋಡಿಸಿ, ಹಿಂದಿನ ಬುಕಿಂಗ್ ಮುಗಿಯುವ ವೇಳೆಯ ಜೊತೆ ಹೋಲಿಸುತ್ತಾ ಹೋಗುವ ಅಚ್ಚುಕಟ್ಟಾದ ಪರಿಹಾರ. ಎಲ್ಲ ಟೆಸ್ಟ್‌ಗಳೂ ಪಾಸು.

ಸಹೋದ್ಯೋಗಿ ಮೌಲ್ಯಮಾಪನದಲ್ಲಿ ಬರೆದದ್ದು ಎರಡೇ ಸಾಲು: ಉತ್ತರ ಸರಿಯಿದೆ, ಅದು ಹೇಗೆ ಹೊಳೆಯಿತು ಎಂಬುದು ತಿಳಿಯಲಿಲ್ಲ. ಆಮೇಲೆ ನನ್ನನ್ನು ಕೇಳಿದರು, ಪಕ್ಕದ ಪರದೆಯಲ್ಲಿ ಏನಾದರೂ ನೋಡಿ ಬರೆದನೇ ಎಂದು. ಇಲ್ಲ ಎಂದು ನನಗೆ ಒಳಮನಸ್ಸಿಗೆ ಗೊತ್ತಿತ್ತು. ಆದರೆ ಅವನ ಪರವಾಗಿ ಮುಂದಿಡಲು ನನ್ನ ಬಳಿ ಏನೂ ಇರಲಿಲ್ಲ. ಆ ಹನ್ನೊಂದು ನಿಮಿಷ ಅವನ ತಲೆಯೊಳಗೆ ನಡೆದದ್ದನ್ನು ನಾನೂ ಕಂಡಿರಲಿಲ್ಲ. ಅವನನ್ನು ಕೈಬಿಟ್ಟೆವು. ಆ ನಿರ್ಧಾರ ನನ್ನನ್ನು ಇಂದಿಗೂ ಕಾಡುತ್ತದೆ, ಏಕೆಂದರೆ ‘ಯೋಚಿಸುವುದನ್ನೇ ಜೋರಾಗಿ ಹೇಳಪ್ಪ’ ಎಂದು ನಾನೊಂದು ಮಾತು ಹೇಳಬಹುದಾಗಿತ್ತು. ಈಗ ಪ್ರತಿ ಸಂದರ್ಶನದ ಮೊದಲಿಗೇ ಹೇಳುತ್ತೇನೆ. ಆದರೆ ಎಲ್ಲ ಸಂದರ್ಶಕರೂ ಹೇಳುವುದಿಲ್ಲ.

ಕಚೇರಿಯಲ್ಲಿ ಎದುರುಬದುರು ಕುಳಿತಾಗ ಮೌನಕ್ಕೆ ಬೇರೆಯದೇ ಅರ್ಥ. ನೀವು ಹಾಳೆಯ ಮೇಲೆ ಗೀಚುವುದು, ಹೊಡೆದುಹಾಕುವುದು, ಹುಬ್ಬು ಗಂಟಿಕ್ಕುವುದು ಎಲ್ಲವೂ ಕಾಣುತ್ತದೆ. ದೂರದಿಂದ ಅದೊಂದೂ ಕಾಣದು. ಸಾಲದ್ದಕ್ಕೆ ಈಗ ಎಐ ಸಾಧನಗಳು ಕ್ಷಣಾರ್ಧದಲ್ಲಿ ಉತ್ತರ ಬರೆದುಕೊಡುತ್ತವೆ. ಸಂದರ್ಶನದ ನಡುವೆಯೇ ಕದ್ದು ಬಳಸುವವರೂ ಇದ್ದಾರೆ, ಬೇರೆಯವರನ್ನು ಕೂರಿಸಿ ಉತ್ತರ ಕೊಡಿಸುವವರೂ ಇದ್ದಾರೆ. ಇದೇ ಕಾರಣಕ್ಕೆ ಕೆಲವು ಕಂಪನಿಗಳು ಮುಖಾಮುಖಿ ಸುತ್ತೊಂದನ್ನು ಮತ್ತೆ ತರುತ್ತಿವೆ. ಹಾಗೆ ಕದಿಯುವವರ ಲಕ್ಷಣವೂ ಇದೇ: ಬಹಳ ಹೊತ್ತಿನ ಮೌನ, ಆಮೇಲೆ ಒಮ್ಮೆಗೇ ತಪ್ಪಿಲ್ಲದ ಕೋಡ್. ಪ್ರಾಮಾಣಿಕವಾಗಿ ಕುಳಿತು ಯೋಚಿಸಿದ ನೀವು ಅವರ ಸಾಲಿನಲ್ಲಿ ನಿಂತುಬಿಡುತ್ತೀರಿ. ಇದು ಅನ್ಯಾಯವೇ. ಆದರೆ ತಪ್ಪಿಸಿಕೊಳ್ಳುವ ದಾರಿ ನಿಮ್ಮ ಕೈಯಲ್ಲೇ ಇದೆ.

ನಮ್ಮ ಕಡೆಯ ಮಕ್ಕಳು ಏಕೆ ಸುಮ್ಮನಿರುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಉತ್ತರ ಖಚಿತವಾದ ಮೇಲಷ್ಟೇ ಕೈ ಎತ್ತಬೇಕು ಎಂದು ತರಗತಿಯಲ್ಲಿ ಕಲಿತವರು ನಾವು. ಅರ್ಧಂಬರ್ಧ ಗೊತ್ತಿರುವಾಗ ಬಾಯಿ ಬಿಟ್ಟರೆ ಅಧಿಕಪ್ರಸಂಗಿ ಎನಿಸಿಕೊಳ್ಳುವ ಭಯ. ಅದರ ಜೊತೆಗೆ ತಲೆಯಲ್ಲಿ ಎರಡು ಹೊರೆ, ಒಂದು ಸಮಸ್ಯೆಯದು, ಇನ್ನೊಂದು ಇಂಗ್ಲಿಷ್ ವಾಕ್ಯ ಕಟ್ಟುವುದು. ಎರಡನ್ನೂ ಒಟ್ಟಿಗೆ ಹೊರಲಾಗದೆ ಮಾತನ್ನು ಇಳಿಸಿಬಿಡುತ್ತೇವೆ.

ಅದಕ್ಕೆ ನಾನು ಕಂಡುಕೊಂಡ ಉಪಾಯ ಹೀಗಿದೆ. ಮಾತು ತಡವರಿಸಿದರೆ ಮೊದಲು ಬರೆಯಿರಿ. ಕೋಡಿನ ಒಂದು ಅಕ್ಷರಕ್ಕೂ ಮುನ್ನ, ಹಂಚಿಕೊಂಡ ಎಡಿಟರ್‌ನಲ್ಲೇ ಕಾಮೆಂಟ್ ರೂಪದಲ್ಲಿ, ಅಂದರೆ ಕೋಡಿನ ಭಾಗವಾಗದ ಟಿಪ್ಪಣಿಯಾಗಿ, ನಾಲ್ಕು ಸಾಲು. ಆ ಬುಕಿಂಗ್ ಸಮಸ್ಯೆಗೆ ಹೀಗೆ ಬರೆಯಬಹುದಿತ್ತು. ಮೊದಲ ಸಾಲು: ಬರುವುದು ಬುಕಿಂಗ್‌ಗಳ ಪಟ್ಟಿ, ಅದು ಕ್ರಮದಲ್ಲಿ ಇಲ್ಲದಿರಬಹುದು. ಎರಡನೆಯದು: ಕೊಡಬೇಕಾದ್ದು ಸೇರಿಸಿದ ಪಟ್ಟಿ. ಮೂರನೆಯದು: ಒಂದು ಬುಕಿಂಗ್ 10 ಗಂಟೆಗೆ ಮುಗಿದು ಇನ್ನೊಂದು 10ಕ್ಕೇ ಶುರುವಾದರೆ ಸೇರಿಸಬೇಕೇ, ಬೇಡವೇ? ನಾಲ್ಕನೆಯದು: ಮೊದಲು ಜೋಡಿಸುತ್ತೇನೆ, ಆಮೇಲೆ ಒಂದೇ ಸಲ ಪಟ್ಟಿಯುದ್ದಕ್ಕೂ ಹೋಗುತ್ತೇನೆ. ಬರೆದದ್ದನ್ನು ಹಾಗೆಯೇ ಓದಿ ಹೇಳಿ. ವಾಕ್ಯ ಕಟ್ಟುವ ಹೊರೆ ಅಲ್ಲಿಗೆ ಇಳಿಯುತ್ತದೆ.

ಆ ಮೂರನೆಯ ಸಾಲನ್ನು ಗಮನಿಸಿ. ನಾವು ಸಂದರ್ಶಕರು ಕಾಯುತ್ತಿರುವುದು ಅಂಥ ಪ್ರಶ್ನೆಗೆ. ಸಮಸ್ಯೆಯನ್ನು ಕೊಡುವಾಗ ಅಂಥ ಅಂಚಿನ ಸಂದರ್ಭವನ್ನು ಬೇಕೆಂದೇ ಹೇಳದೆ ಬಿಟ್ಟಿರುತ್ತೇವೆ. ಮನೆಯಿಂದ ಕೆಲಸ ಮಾಡುವವನು ಅರ್ಥವಾಗದ್ದನ್ನು ಕೇಳದೆ ತನಗೆ ತೋಚಿದಂತೆ ಮಾಡಿದರೆ, ನಮಗೆ ಅದು ತಿಳಿಯುವಷ್ಟರಲ್ಲಿ ಎರಡು ದಿನದ ಕೆಲಸ ವ್ಯರ್ಥವಾಗಿರುತ್ತದೆ. ಕೇಳುವವನೋ ಅಲ್ಲವೋ ಎಂಬುದನ್ನು ನಾವು ಕೋಡಿಗಿಂತ ಮೊದಲು ನೋಡುತ್ತೇವೆ. ನಡುವೆ ನಿಜಕ್ಕೂ ಸುಮ್ಮನಿರಬೇಕಾದರೆ ‘ಎರಡು ನಿಮಿಷ ಯೋಚಿಸುತ್ತೇನೆ’ ಎಂದು ಹೇಳಿ ಸುಮ್ಮನಾಗಿ. ಹೇಳಿ ಮೌನವಾಗಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಪ್ಪು ದಾರಿ ಹಿಡಿದದ್ದು ಗೊತ್ತಾದರೆ ಅದನ್ನೂ ಹೇಳಿ, ಏಕೆ ತಪ್ಪು ಎಂದೂ ಹೇಳಿ. ಹಾಗೆ ಹಿಂದಿರುಗಿ ಬಂದವರನ್ನು ನಾನು ಹಲವು ಸಲ ಆಯ್ಕೆ ಮಾಡಿದ್ದೇನೆ.

ಇಂಗ್ಲಿಷಿನ ಬಗ್ಗೆ ಇಷ್ಟೇ. ಆ ಕಡೆ ಕುಳಿತವರಲ್ಲಿ ಪೋಲೆಂಡಿನವರು, ಬ್ರೆಜಿಲ್‌ನವರು, ವಿಯೆಟ್ನಾಮಿನವರು ಇರುತ್ತಾರೆ. ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಚಿಕ್ಕ ವಾಕ್ಯಗಳಲ್ಲಿ ನಿಧಾನವಾಗಿ ಮಾತಾಡಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಲು ಹಿಂಜರಿಯಬೇಡಿ. ದಿನಾ ಇಪ್ಪತ್ತು ನಿಮಿಷ ಒಂದು ಸಮಸ್ಯೆ ಬಿಡಿಸುತ್ತಾ ನಿಮ್ಮ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮೊದಲ ಮೂರು ದಿನ ಕೇಳಲು ಕಷ್ಟವಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಬರವಣಿಗೆಯಲ್ಲಿ ನೀವು ಹೆಚ್ಚು ಸಲೀಸಾಗಿದ್ದರೆ ಬರವಣಿಗೆಗೆ ಬೆಲೆ ಕೊಡುವ ಕಂಪನಿಗಳನ್ನೂ ಹುಡುಕಿ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೋಮ್ಯಾಟಿಕ್ ಸಂಸ್ಥೆ ಚಾಟ್ ಮೂಲಕವೇ ಸಂದರ್ಶನ ಮಾಡುವುದಕ್ಕೂ, ಹಣ ಕೊಟ್ಟು ಪ್ರಾಯೋಗಿಕ ಕೆಲಸ ಮಾಡಿಸಿ ನೋಡುವುದಕ್ಕೂ ಹೆಸರಾದದ್ದು. ಮನೆಯಿಂದಲೇ ಕೆಲಸ ಮಾಡುವವರ ಸಾಫ್ಟ್‌ವೇರ್ ಕಂಪನಿ ಗಿಟ್‌ಲ್ಯಾಬ್ ತನ್ನ ಕೆಲಸದ ಕೈಪಿಡಿಯನ್ನು ಯಾರು ಬೇಕಾದರೂ ಓದುವಂತೆ ಇಟ್ಟಿದೆ. ದೂರದಲ್ಲಿರುವ ತಂಡಗಳು ಏನನ್ನು ಬರೆದಿಡುತ್ತವೆ, ಹೇಗೆ ಬರೆದಿಡುತ್ತವೆ ಎಂದು ತಿಳಿಯಲು ಒಂದು ಭಾನುವಾರ ಅದನ್ನು ಓದಿ.

ಇನ್ನು ನಿಮ್ಮ ರೆಸ್ಯೂಮೆ. ಅದರಲ್ಲಿ ‘ವರದಿ ತಯಾರಿಕೆಯ ವೇಗವನ್ನು ಹೆಚ್ಚಿಸಲಾಯಿತು’, ‘ದೋಷಗಳನ್ನು ನಿವಾರಿಸಲಾಯಿತು’ ಎಂಬ ಅರ್ಥದ ಸಾಲುಗಳೇ ತುಂಬಿವೆ. ಎಲ್ಲವೂ ಕರ್ಮಣಿ ಪ್ರಯೋಗ. ಹೆಚ್ಚಿಸಿದವರು ಯಾರು? ಸೇವಾ ಕಂಪನಿಗಳಲ್ಲಿ ಕೆಲಸ ಮಾಡಿದವರು ಮಾತಿನಲ್ಲೂ ‘ನಾವು ಮಾಡಿದೆವು’ ಎನ್ನುತ್ತಾರೆ. ತಂಡದ ಹೆಸರಿನಲ್ಲಿ ಮಾತಾಡುವುದು ನಮ್ಮಲ್ಲಿ ಸೌಜನ್ಯ, ನನಗೂ ಅದು ಇಷ್ಟವೇ. ಆದರೆ ಸಂದರ್ಶನದಲ್ಲಿ ‘ನಾವು’ ಎಂದಾಗ ಕೇಳುವವರಿಗೆ ನಿಮ್ಮ ಪಾಲು ಎಷ್ಟೆಂದು ತಿಳಿಯುವುದಿಲ್ಲ.

ಆ ವರದಿಯ ಕಥೆಯನ್ನೇ ತೆಗೆದುಕೊಳ್ಳಿ. ವರದಿ ನಿಧಾನವೆಂದು ದೂರಿದವರು ಯಾರು? ಕಾರಣವನ್ನು ನೀವು ಹೇಗೆ ಪತ್ತೆ ಮಾಡಿದಿರಿ? ಜಾವಾ ಕೋಡನ್ನು ಡೇಟಾಬೇಸಿಗೆ ಬೆಸೆಯುವ ಹೈಬರ್ನೇಟ್ ಎಂಬ ಸಾಧನ ಬಳಸುವ ಕಡೆ ನಾನು ಮತ್ತೆ ಮತ್ತೆ ಕಂಡಿರುವ ಕಾರಣವೆಂದರೆ, ಸಾವಿರ ಆರ್ಡರ್‌ಗಳ ಪಟ್ಟಿ ತಂದು ಒಂದೊಂದರ ಗ್ರಾಹಕನಿಗೂ ಡೇಟಾಬೇಸಿಗೆ ಬೇರೆ ಬೇರೆ ಕ್ವೆರಿ, ಅಂದರೆ ಮಾಹಿತಿಯ ಕೋರಿಕೆ, ಕಳುಹಿಸುವುದು. ಒಂದು ಕ್ವೆರಿಯಲ್ಲಿ ಆಗುವ ಕೆಲಸಕ್ಕೆ ಸಾವಿರದ ಒಂದು ಕ್ವೆರಿ. ನಿಮ್ಮದೂ ಅಂಥದ್ದೇ ಆಗಿದ್ದರೆ, ಪ್ರೋಗ್ರಾಂ ಬರೆದಿಡುವ ಲಾಗ್‌ನಲ್ಲಿ ಒಂದೇ ಬಗೆಯ ಕ್ವೆರಿ ಸಾಲುಗಟ್ಟಿ ನಿಂತದ್ದನ್ನು ನೋಡಿದ ಕ್ಷಣವನ್ನು ಹೇಳಿ. ಮೊದಲು ಹುಡುಕಾಟ ಬೇಗವಾಗಲೆಂದು ಡೇಟಾಬೇಸಿಗೆ ಇಂಡೆಕ್ಸ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ, ಆಮೇಲೆ ಹೀಗೆ ಮಾಡಿದೆ ಎಂದು ಸೋತ ಹೆಜ್ಜೆಯನ್ನೂ ಹೇಳಿ. ಎಷ್ಟು ಹೊತ್ತು ಹಿಡಿಯುತ್ತಿದ್ದದ್ದು ಎಷ್ಟಕ್ಕೆ ಇಳಿಯಿತು ಎಂಬ ಅಂಕಿ ಇರಲಿ. ಇಂಥ ಎರಡು ಕಥೆಗಳನ್ನು ತಲಾ ನಾಲ್ಕು ನಿಮಿಷದಲ್ಲಿ ಹೇಳುವಂತೆ ಸಿದ್ಧಮಾಡಿಕೊಂಡರೆ ಮ್ಯಾನೇಜರ್ ಜೊತೆಗಿನ ಸುತ್ತಿನ ಮುಕ್ಕಾಲು ಪಾಲು ಮುಗಿದಂತೆ. ಗ್ರಾಹಕ ಕಂಪನಿಯ ಹೆಸರು, ಗುಟ್ಟಿನ ವಿವರ ಮಾತ್ರ ಬಾಯಿಗೆ ಬರಬಾರದು. ಅಲ್ಲಿಯದನ್ನು ಇಲ್ಲಿ ಹೇಳುವವನು ಇಲ್ಲಿಯದನ್ನು ನಾಳೆ ಎಲ್ಲಿ ಹೇಳುತ್ತಾನೋ ಎಂದು ಅವರು ಯೋಚಿಸುತ್ತಾರೆ.

ಅಸೈನ್‌ಮೆಂಟ್ ವಿಷಯದಲ್ಲಿ ನಿಮಗಾದದ್ದು ನೋವಿನ ಸಂಗತಿ. ಆಸ್ಪತ್ರೆ ಓಡಾಟದ ನಡುವೆ ಮೂರು ದಿನ ಹೊಂದಿಸಿಕೊಂಡವರಿಗೆ ಒಂದು ಸಾಲಿನ ಉತ್ತರವನ್ನಾದರೂ ಕೊಡುವುದು ಅವರ ಕರ್ತವ್ಯವಾಗಿತ್ತು. ನನ್ನ ಅಭಿಪ್ರಾಯದಲ್ಲಿ ನಾಲ್ಕು ಗಂಟೆ, ಹೆಚ್ಚೆಂದರೆ ಆರು ಗಂಟೆಯ ಅಸೈನ್‌ಮೆಂಟ್ ನ್ಯಾಯವಾದದ್ದು. ಅದಕ್ಕಿಂತ ದೊಡ್ಡದಾದರೆ ಎಷ್ಟು ಹೊತ್ತಿನ ನಿರೀಕ್ಷೆ ಇದೆ, ಹಣ ಕೊಡುತ್ತಾರೆಯೇ, ಚಿಕ್ಕದು ಮಾಡಬಹುದೇ ಎಂದು ಮೊದಲೇ ಬರೆದು ಕೇಳಿ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಕಡೆ ಕೆಲಸ ಸಿಕ್ಕರೂ ನೆಮ್ಮದಿ ಇರದು. ಕಳುಹಿಸುವಾಗ ಕೋಡಿನಷ್ಟೇ ಕಾಳಜಿಯನ್ನು ರೀಡ್‌ಮಿ ಕಡತಕ್ಕೂ ಕೊಡಿ. ಹೇಗೆ ಚಾಲನೆ ಮಾಡುವುದು, ಏನನ್ನು ಏಕೆ ಹೀಗೆ ಮಾಡಿದೆ, ಸಮಯವಿದ್ದರೆ ಇನ್ನೇನು ಮಾಡುತ್ತಿದ್ದೆ, ಏನನ್ನು ಬಿಟ್ಟಿದ್ದೇನೆ. ನಾನು ಮೊದಲು ತೆರೆಯುವುದು ಅದನ್ನೇ. ಅಭ್ಯರ್ಥಿ ನಾಳೆ ನನ್ನ ತಂಡಕ್ಕೆ ಬರೆಯುವ ಟಿಪ್ಪಣಿ ಹೇಗಿರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಒಂದು ವಾರದ ಬಳಿಕ ಒಂದು ವಿಚಾರಣೆ, ಮತ್ತೊಂದು ವಾರದ ಬಳಿಕ ಇನ್ನೊಂದು, ಅಲ್ಲಿಗೆ ಬಿಟ್ಟುಬಿಡಿ.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಳ್ಳು ಸಂದರ್ಶನದ ನೆಪದಲ್ಲಿ ‘ಈ ಕೋಡ್ ಇಳಿಸಿಕೊಂಡು ಚಾಲನೆ ಮಾಡಿ, ದೋಷ ಹುಡುಕಿ’ ಎಂದು ಡೆವಲಪರ್‌ಗಳಿಗೆ ಕಡತ ಕಳುಹಿಸುವ ಜಾಲಗಳಿವೆ. ಆ ಕೋಡಿನೊಳಗೆ ಪಾಸ್‌ವರ್ಡ್, ಬ್ರೌಸರ್‌ನಲ್ಲಿ ಉಳಿಸಿದ ಮಾಹಿತಿ, ಕ್ರಿಪ್ಟೊ ಹಣ ಕದಿಯುವ ಕುತಂತ್ರಾಂಶ ಇರುತ್ತದೆ. ಗುರುತಿಲ್ಲದವರು ಕೊಟ್ಟ ಯಾವುದೇ ಪ್ರಾಜೆಕ್ಟನ್ನು ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಪ್ರತ್ಯೇಕವಾಗಿ ನಡೆಯುವ ಇನ್ನೊಂದು ಕಂಪ್ಯೂಟರಿನಂಥ ವ್ಯವಸ್ಥೆಯಲ್ಲಿ, ಮಾತ್ರ ತೆರೆಯಿರಿ. ಈಗಿನ ಕಂಪನಿಯ ಲ್ಯಾಪ್‌ಟಾಪ್‌ನಲ್ಲಂತೂ ಬೇಡವೇ ಬೇಡ, ಸಂದರ್ಶನಕ್ಕೂ ಅದನ್ನು ಬಳಸಬೇಡಿ. ಲ್ಯಾಪ್‌ಟಾಪ್‌ಗೆ ಠೇವಣಿ, ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಗುರುವಾರದ ವೇಳೆಯನ್ನು ಇಂದೇ ಮತ್ತೊಮ್ಮೆ ನೋಡಿಕೊಳ್ಳಿ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ನ್ಯೂಯಾರ್ಕಿನ ಬೆಳಿಗ್ಗೆ 10 ಗಂಟೆ ಎಂದರೆ ಅವರ ಚಳಿಗಾಲದಲ್ಲಿ ನಮಗೆ ರಾತ್ರಿ 8.30, ಬೇಸಿಗೆಯಲ್ಲಿ ಸಂಜೆ 7.30. ಹಿಂದೊಂದು ಮಾರ್ಚ್‌ನಲ್ಲಿ ನಾನು 8.30 ಎಂದು ಗುರುತು ಹಾಕಿಕೊಂಡಿದ್ದೆ, ಸಂದರ್ಶಕರು 7.30ಕ್ಕೆ ಬಂದು ಅರ್ಧ ಗಂಟೆ ಕಾದು ಹೋಗಿದ್ದರು. ಎರಡು ತಿಂಗಳು ತಯಾರಿ ನಡೆಸಿದ್ದ ಕೆಲಸ ಅದು. ಅಂದಿನಿಂದ ಪ್ರತಿ ಪತ್ರದಲ್ಲೂ ಎರಡೂ ಕಡೆಯ ವೇಳೆಯನ್ನು ಬರೆದು ಖಚಿತಪಡಿಸಿಕೊಳ್ಳುತ್ತೇನೆ.

ಮೊದಲ ಕರೆಯಲ್ಲೇ ಹೇಳಿಬಿಡಬೇಕಾದ್ದು ನೋಟಿಸ್ ಅವಧಿ. ನಮ್ಮಲ್ಲಿ 90 ದಿನ ಸಾಮಾನ್ಯ, ಹೊರದೇಶದ ಹಲವರಿಗೆ ಅದು ನಂಬಲಾಗದ ಸಂಗತಿ. ಕೊನೆಯಲ್ಲಿ ಹೇಳಿದರೆ ಮುಚ್ಚಿಟ್ಟಂತೆ ಆಗುತ್ತದೆ. ಹಾಗೆಯೇ ನೀವು ಕೇಳಬೇಕಾದ್ದು, ಇದು ಪೂರ್ತಿ ಮನೆಯಿಂದ ಮಾಡುವ ಕೆಲಸವೇ ಎಂಬುದು. ‘ರಿಮೋಟ್’ ಎಂದು ಜಾಹೀರಾತು ಕೊಟ್ಟು ತಿಂಗಳಿಗೆ ಒಂದು ವಾರ ಬೆಂಗಳೂರಿಗೆ ಬನ್ನಿ ಎನ್ನುವವರಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಅವರ ವೇಳೆಗೆ ಹೊಂದಿಕೊಂಡು ಕೂರಬೇಕು ಎಂದೂ ಕೇಳಿ. ನಾಲ್ಕು ಗಂಟೆ ಎಂದರೆ ನಿಮಗೆ ಸಂಜೆಯಿಂದ ರಾತ್ರಿ ಹನ್ನೊಂದರವರೆಗೆ ಆಗಬಹುದು. ಡಯಾಲಿಸಿಸ್ ಬೆಳಗಿನ ಪಾಳಿಯಲ್ಲಿದ್ದರೆ ಈ ಏರ್ಪಾಡು ಮಂಡ್ಯದ ಮನೆಗೆ ಒಗ್ಗುತ್ತದೆ. ತಂದೆಯ ಕಾಯಿಲೆಯ ವಿವರ ಹೇಳಬೇಕಾಗಿಲ್ಲ, ವಾರದಲ್ಲಿ ಎರಡು ಬೆಳಿಗ್ಗೆ ಸಿಗುವುದಿಲ್ಲ ಎಂದರೆ ಸಾಕು.

ನೇಮಕದ ಬಗೆಯೂ ಮುಖ್ಯ. ಭಾರತದಲ್ಲಿ ನೋಂದಾಯಿತ ಸಂಸ್ಥೆಯ ಮೂಲಕ ನೇಮಿಸಿಕೊಂಡರೆ ಭವಿಷ್ಯ ನಿಧಿ, ರಜೆ, ಗ್ರಾಚ್ಯುಟಿ ಇರುತ್ತವೆ. ಸ್ವತಂತ್ರ ಗುತ್ತಿಗೆಯಾದರೆ ಸಾಮಾನ್ಯವಾಗಿ ಇವೊಂದೂ ಇಲ್ಲ, ಆರೋಗ್ಯ ವಿಮೆಯೂ ಇಲ್ಲ. ಈಗಿನ ಕಂಪನಿಯ ಗುಂಪು ವಿಮೆಯಲ್ಲಿ ತಂದೆಯವರು ಸೇರಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಿ. ಸೇರಿದ್ದರೆ ಅದು ಕೆಲಸದ ಜೊತೆಗೇ ಹೋಗುತ್ತದೆ. ತಿಂಗಳ ಮೊತ್ತ ದೊಡ್ಡದಾಗಿ ಕಂಡಾಗ ಇದೇ ಮರೆತುಹೋಗುವುದು. ತೆರಿಗೆ, ಜಿಎಸ್‌ಟಿ ವಿಚಾರಕ್ಕೆ ಸಹಿ ಹಾಕುವ ಮುನ್ನ ಊರಿನ ಆಡಿಟರ್ ಒಬ್ಬರನ್ನು ಕಾಣಿ.

ಬೆಂಗಳೂರಿಗೆ ಹೋಗಬೇಡಿ. ಮಂಡ್ಯದಿಂದ ಅದು ನೂರು ಕಿಲೋಮೀಟರ್, ಅಗತ್ಯ ಬಿದ್ದ ದಿನ ಬೆಳಗಿನ ರೈಲು ಹತ್ತಿ ಸಂಜೆಗೆ ಮರಳಬಹುದು. ಬಾಡಿಗೆಗೆ ಹಾಕುವ ಹಣದಲ್ಲಿ ಚಿಕ್ಕ ಪಾಲನ್ನು ಮನೆಯ ಸಿದ್ಧತೆಗೆ ಹಾಕಿ. ಫೈಬರ್ ಸಂಪರ್ಕ, ಕರೆಂಟು ಹೋದಾಗ ರೂಟರ್ ನಡೆಸುವ ಪುಟ್ಟ ಯುಪಿಎಸ್, ತಂತಿ ಇರುವ ಹೆಡ್‌ಫೋನ್. ಬೇರೆ ಕಂಪನಿಯ ಸಿಮ್ ಇರುವ ಮೊಬೈಲಿನಲ್ಲಿ ಹಾಟ್‌ಸ್ಪಾಟನ್ನು ಮೊದಲೇ ಲ್ಯಾಪ್‌ಟಾಪ್‌ಗೆ ಜೋಡಿಸಿ ಪರೀಕ್ಷಿಸಿ. ನೆಟ್ ವೇಗ ನೋಡುವಾಗ ಡೌನ್‌ಲೋಡ್ ನೋಡಿ ಸಮಾಧಾನಪಡಬೇಡಿ, ನಿಮ್ಮ ದನಿ ಆ ಕಡೆ ಮುಟ್ಟುವುದು ಅಪ್‌ಲೋಡ್‌ನಲ್ಲಿ. ಕಬ್ಬಿನ ಟ್ರ್ಯಾಕ್ಟರ್ ಸದ್ದು, ಕುಕ್ಕರ್ ಕೂಗು ಕೇಳಿಸಿದರೆ ನಾಚಿಕೊಳ್ಳಬೇಕಾದ್ದೇನೂ ಇಲ್ಲ. ಒಂದು ಕ್ಷಣ ಕ್ಷಮೆ ಕೇಳಿ ಮುಂದುವರಿಸಿ, ಅವರ ಮನೆಯಲ್ಲೂ ನಾಯಿ ಬೊಗಳುತ್ತಿರುತ್ತದೆ.

ಗುರುವಾರಕ್ಕೆ ಮುನ್ನ ಒಂದು ಕೆಲಸ ಮಾಡಿ. ಡಯಾಲಿಸಿಸ್ ಇಲ್ಲದ ಒಂದು ಸಂಜೆ ತಂದೆಯವರ ಎದುರು ಕುಳಿತು ಆ ಬುಕಿಂಗ್ ಸಮಸ್ಯೆಯನ್ನೇ ಬಿಡಿಸಿ. ಸಭಾ ಕೊಠಡಿ ಬೇಡ, ಮದುವೆ ಛತ್ರ ಎಂದುಕೊಳ್ಳಿ. ಮೊದಲು ಕನ್ನಡದಲ್ಲೇ ಹೇಳಿ. ನೀವು ಸುಮ್ಮನಾದಾಗಲೆಲ್ಲ ‘ಈಗೇನು ಮಾಡುತ್ತಿದ್ದೀಯಪ್ಪ?’ ಎಂದು ಅವರು ಕೇಳಲಿ. ಒಂದು ಮದುವೆಯವರು 10 ಗಂಟೆಗೆ ಖಾಲಿ ಮಾಡಿ, ಇನ್ನೊಂದು ಮದುವೆಯವರು 10ಕ್ಕೇ ಬಂದರೆ ಹೇಗೆ ಎಂದು ಅವರನ್ನೇ ಕೇಳಿ ನೋಡಿ. ನಡುವೆ ಛತ್ರ ಗುಡಿಸಿ ತೊಳೆಯುವುದಕ್ಕೆ ಹೊತ್ತು ಬೇಡವೇ ಎಂದಾರು. ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಒಂದು ಸಾಲಿಗೆ ಇಳಿಸಿ, ಎಡಿಟರ್‌ನಲ್ಲಿ ಮೂರನೆಯ ಸಾಲಾಗಿ ಬರೆದುಕೊಳ್ಳಿ.